ಕೇಳಿಸ್ತಾ ಅಂತ ಕೇಳ್ಬಾರ್ದು

ಈ ರೆಕಾರ್ಡಿಂಗ್ ಬಗ್ಗೆ ಬರೀಬೇಕು ಅಂತ ಮೂರು ಸಲ ಕೂತೆ, ಮೂರು ಸಲಾನೂ ಮುಖ ಬಿಸಿಯಾಗಿ ಎದ್ದುಹೋದೆ. ಇವತ್ತು ಮುಗಿಸಿಬಿಡ್ತೀನಿ.

ನಾನು ಪಾಡ್‌ಕಾಸ್ಟ್ ಪ್ರೊಡ್ಯೂಸರ್. ಕಾರ್ಡಲ್ಲಿ ಹಂಗಿದೆ, ಅಸಲಿಗೆ ಗೆಸ್ಟ್‌ಗೆ ಫೋನ್ ಮಾಡೋದು, ಲೆವೆಲ್ ನೋಡೋದು, ಕ್ಲಿಪ್ ಬಿಡೋದು, ಎಡಿಟ್, ಎಕ್ಸ್‌ಪೋರ್ಟ್, ಕೊನೆಗೆ ಥಂಬ್‌ನೇಲಲ್ಲಿ ಒತ್ತಕ್ಷರ ಸರಿಯಿದ್ಯಾ ನೋಡೋದು, ಎಲ್ಲಾ ಒಬ್ಬನೇ. ಎಂಟು ವರ್ಷ ಆಯ್ತು. ಈ ಎಂಟು ವರ್ಷ ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಎಪಿಸೋಡ್ ಗ್ರಾಮಫೋನ್ ಕಾಲದ್ದು. ಮೈಸೂರಿಂದ 80 ದಾಟಿದ ರಿಟೈರ್ಡ್ ಮೇಷ್ಟ್ರು, ಮನೆ ತುಂಬ 78 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗೋ ಗ್ರಾಮಫೋನ್ ತಟ್ಟೆಗಳು. ಧಾರವಾಡದಿಂದ ಒಬ್ರು ಗಾಯಕಿ. ನ್ಯೂಜೆರ್ಸಿಯಿಂದ ಹಳೇ ರೆಕಾರ್ಡ್ ಡಿಜಿಟೈಸ್ ಮಾಡೋ ಕನ್ನಡದವರೊಬ್ರು, ಅವರಿಗೋಸ್ಕರ ಬೆಳಗ್ಗೆ 7ಕ್ಕೇ ಕಾಲ್. ಹೋಸ್ಟ್ ಅವಳ ಮನೇಲಿ, ನಾನು ಆಫೀಸಲ್ಲಿ, ಹಾಲಿನವನು ಬರೋ ಹೊತ್ತಿಗೆ ಸೆಕ್ಯುರಿಟಿ ಅಣ್ಣನ್ನ ಎಬ್ಬಿಸಿ ಬಾಗಿಲು ತೆಗೆಸಿದ್ದೆ.

ಕ್ಲಿಪ್ ಗೌಹರ್ ಜಾನ್ ಅವರದ್ದು. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದವರು, ನಮ್ಮ ದೇಶದ ಮೊದಮೊದಲ ರೆಕಾರ್ಡಿಂಗ್‌ಗಳಲ್ಲಿ ಅವರದ್ದಿದೆ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರೀಲಿ ಮೈಸೂರಲ್ಲೇ ತೀರಿಕೊಂಡ್ರು. ಹಾಡು ಮುಗೀತಿದ್ದಂಗೆ ಗಟ್ಟಿಯಾಗಿ ಇಂಗ್ಲಿಷಲ್ಲಿ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಹೇಳ್ತಾರಲ್ಲ, ಅದೇ ತರದ ತಟ್ಟೆ. ಎಡಿಟಲ್ಲಿ ಹಾಕೋಣ ಅಂತ ಹೋಸ್ಟ್ ಹೇಳಿದ್ಲು. ಇಲ್ಲ, ಲೈವ್ ಆಗೇ ಕೇಳಿಸ್ಬೇಕು, ಮೇಷ್ಟ್ರ ರಿಯಾಕ್ಷನ್ ಸಿಗ್ಬೇಕು ಅಂತ ಹಠ ಹಿಡಿದಿದ್ದು ನಾನು. ಅದಕ್ಕೇ ಇದರಲ್ಲಿ ಬೇರೆ ಯಾರನ್ನೂ ಬೈಯೋಕಾಗಲ್ಲ. ಮ್ಯಾನೇಜ್‌ಮೆಂಟನ್ನ ಸ್ವಲ್ಪ ಬೈಬಹುದು.

ಯಾಕಂದ್ರೆ ಹಿಂದಿನ ದಿನ ನನ್ನ ಲ್ಯಾಪ್‌ಟಾಪಲ್ಲಿ ಪೂರ್ತಿ ಟೆಸ್ಟ್ ಮಾಡಿ ಎಲ್ಲಾ ಸರಿ ಇದೆ ಅಂತ ಮನೆಗೆ ಹೋಗಿದ್ದೆ, ರಾತ್ರಿ ಆ ಲ್ಯಾಪ್‌ಟಾಪನ್ನ ಇನ್ನೊಂದು ಶೋನವರು ಔಟ್‌ಡೋರ್ ಶೂಟ್‌ಗೆ ಎತ್ಕೊಂಡು ಹೋದ್ರು. ಒಂದು ಲ್ಯಾಪ್‌ಟಾಪ್, ಮೂರು ಶೋ. ಪ್ರತಿ ಗೆಸ್ಟ್‌ನ ಅವರವರ ಕಡೆಯೇ ರೆಕಾರ್ಡ್ ಮಾಡೋ ಸರ್ವೀಸ್ ಕೊಡಿಸಿ ಅಂತ ಎರಡು ವರ್ಷದಿಂದ ಕೇಳ್ತಿದ್ದೀನಿ, 'ಫ್ರೀ ಟೂಲ್ ಇದ್ಯಲ್ಲಪ್ಪ' ಅಂತಾರೆ. ಸ್ಕೈಪ್ ಇದ್ದಾಗ ಒಂದು ಸೆಟಪ್ ರೂಢಿಯಾಗಿತ್ತು, 2025ರ ಮೇನಲ್ಲಿ ಅದೂ ಮುಚ್ಚಿಹೋಯ್ತು. ಸರಿ, ಆಫೀಸ್ ಡೆಸ್ಕ್‌ಟಾಪ್ ಆನ್ ಮಾಡ್ದೆ, ಯಾವ ದನಿ ಎಲ್ಲಿಗೆ ಹೋಗ್ಬೇಕು ಅಂತ ಹಂಚೋ ಸಾಫ್ಟ್‌ವೇರ್ ವಾಯ್ಸ್‌ಮೀಟರ್, ಅದರ ಸೆಟ್ಟಿಂಗ್ ಫೈಲ್ ಪೆನ್‌ಡ್ರೈವಲ್ಲಿತ್ತು, ಲೋಡ್ ಮಾಡ್ದೆ, ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ರೀಪರನ್ನ 48 ಕಿಲೋಹರ್ಟ್ಸ್‌ಗೆ ಇಟ್ಟೆ. ಕಾಲ್ ಆಪ್ ಒಳಗಿನ ಸೆಟ್ಟಿಂಗ್ ಮಾತ್ರ ಯಾವ ಪೆನ್‌ಡ್ರೈವಲ್ಲೂ ಬರಲ್ಲ, ಅದು ಆ ಮಿಷನ್‌ಗೇ ಅಂಟಿಕೊಂಡಿರುತ್ತೆ ಅನ್ನೋದು ತಲೆಗೇ ಬರಲಿಲ್ಲ.

"ಎಲ್ಲರಿಗೂ ಕೇಳಿಸ್ತಿದ್ಯಾ?" ಅಂದೆ. ಎಲ್ಲರೂ ಹೂಂ ಅಂದ್ರು. ನನ್ನ ಮಾತು ಕೇಳಿಸ್ತಿತ್ತು, ಅದಕ್ಕೆ ಹೂಂ ಅಂದ್ರು.

ಇಪ್ಪತ್ತನೇ ನಿಮಿಷಕ್ಕೆ ಕ್ಲಿಪ್ ಬಿಟ್ಟೆ. ನನ್ನ ಹೆಡ್‌ಫೋನಲ್ಲಿ ಆಹಾ, ತಟ್ಟೆಯ ಚರಚರ, ಹಿಂದೆ ವಾದ್ಯ, ಮೇಲಿಂದ ಆ ಚೂಪು ದನಿ. ಕಣ್ಮುಚ್ಚಿ ಕೇಳ್ದೆ. ನಿಜವಾಗ್ಲೂ ಕಣ್ಮುಚ್ಚಿದ್ದೆ, ಅದೇ ತಪ್ಪು, ತೆಗೆದಿದ್ರೆ ಸ್ಕ್ರೀನಲ್ಲಿ ನಾಲ್ಕು ಮುಖ ಏನೂ ಗೊತ್ತಾಗದೆ ಪಿಳಿಪಿಳಿ ನೋಡ್ತಿರೋದು ಕಾಣಿಸ್ತಿತ್ತು. ಮುಗೀತು. ಹೋಸ್ಟ್ ಒಂಚೂರು ತಡೆದು, "ಮೇಷ್ಟ್ರೇ, ಹೇಗನ್ನಿಸ್ತು?" ಅಂದ್ಲು.

ಮೇಷ್ಟ್ರು ಕೆಮ್ಮಿದ್ರು. "ಏನಿಲ್ಲಮ್ಮ, ಎರಡೂವರೆ ನಿಮಿಷ ಸುಮ್ಮನಿದ್ದು, ಹೆಸರು ಹೇಳ್ಕೊಂಡು ಹೊರಟೇಹೋದ್ರಲ್ಲ!"

ನ್ಯೂಜೆರ್ಸಿಯವರು ಬಿದ್ದುಬಿದ್ದು ನಕ್ಕರು. ಆಗಿದ್ದಿಷ್ಟೇ: ಕಾಲ್ ಆಪ್‌ನ ನಾಯ್ಸ್ ಸಪ್ರೆಶನ್ ಆನ್ ಇತ್ತು. ಮನುಷ್ಯರ ಮಾತು ಬಿಟ್ರೆ ಉಳಿದಿದ್ದೆಲ್ಲ ಅದರ ಲೆಕ್ಕದಲ್ಲಿ ಫ್ಯಾನ್ ಸದ್ದು, ಕುಕ್ಕರ್ ಸದ್ದು. ನೂರಿಪ್ಪತ್ತು ವರ್ಷದ ಹಾಡನ್ನ ಕಸ ಅಂತ ಗುಡಿಸಿ ಹಾಕಿ, ಕೊನೇಲಿ ಮಾತಾಡಿದ್ದನ್ನಷ್ಟೇ ಮರ್ಯಾದೆಯಿಂದ ಆಚೆ ಬಿಟ್ಟಿದೆ.

ಇದು ಈಗ ಗೊತ್ತು. ಆಗ ನನ್ನ ತಲೇಲಿ ಓಡಿದ್ದು ರೂಟಿಂಗ್, ರೂಟಿಂಗ್, ರೂಟಿಂಗ್, ಅಂದ್ರೆ ದನಿ ಹೋಗೋ ದಾರಿ ಎಲ್ಲೋ ತಪ್ಪಿದೆ ಅಂತ. ಹೋಸ್ಟ್ ಪಾಪ ಜಾಣೆ, "ನಿಮ್ಮ ಮನೆಗೆ ಗ್ರಾಮಫೋನ್ ಬಂದಿದ್ದು ಹೇಳಿ ಮೇಷ್ಟ್ರೇ" ಅಂತ ಎತ್ಕೊಂಡ್ಲು, ನನಗೆ ಟೈಮ್ ಸಿಕ್ತು. ಮೇಷ್ಟ್ರು ಶುರು ಮಾಡಿದ್ರು, ಏನು ಚೆನ್ನಾಗಿ ಹೇಳ್ತಿದ್ರು ಅಂತೀರಿ. ತಟ್ಟೆಯ ಒಂದೊಂದು ಮಗ್ಗುಲಿಗೂ ಒಂದೊಂದು ಹೊಸ ಸೂಜಿ, ಸೂಜಿ ಬದಲಾಯಿಸೋದು ಇವರ ಡ್ಯೂಟಿ, ಹಳೇ ಸೂಜಿ ಬಿಸಾಕೋಕೆ ಮನಸ್ಸಾಗದೆ ಅಡುಗೆಮನೆ ಮೂಲೇಲಿದ್ದ ಬಾಳೆದಿಂಡಿಗೆ ಚುಚ್ಚಿ ಚುಚ್ಚಿ ಇಟ್ಟಿದ್ರಂತೆ. "ಸಾಯಂಕಾಲ ಅಮ್ಮ ಈಳಿಗೆಮಣೆ ಹಾಕ್ಕೊಂಡು ಆ ದಿಂಡನ್ನ..."

ಅಷ್ಟೊತ್ತಿಗೆ ನಾನು ವಾಯ್ಸ್‌ಮೀಟರಲ್ಲಿ ಬಿ-1 ಒತ್ತಿದೆ, ದನಿಯನ್ನ ಕಾಲ್‌ಗೆ ಕಳಿಸೋ ಬಟನ್ ಅದು, ಒಂದೊಂದು ದನಿಯ ಸ್ಟ್ರಿಪ್‌ಗೂ (ಪಟ್ಟಿಗೂ) ಒಂದೊಂದಿರುತ್ತೆ. ಕ್ಲಿಪ್ ಸ್ಟ್ರಿಪ್‌ದು ಆನ್ ಆಗೇ ಇತ್ತು, ನಾನು ಒತ್ತಿದ್ದು ಪಕ್ಕದ್ದು, ಕಾಲ್ ವಾಪಸ್ ಬರೋ ಸ್ಟ್ರಿಪ್. ಗೆಸ್ಟ್‌ಗೆ ಅವರದ್ದೇ ದನಿ ಬಿಟ್ಟು ಉಳಿದಿದ್ದನ್ನ ಕಳಿಸೋ ಏರ್ಪಾಟು, ಮಿಕ್ಸ್-ಮೈನಸ್, ಹಾಳಾಯ್ತು, ಗೆಸ್ಟ್‌ಗಳ ದನಿ ಅರ್ಧ ಸೆಕೆಂಡ್ ತಡವಾಗಿ ಅವರ ಕಿವಿಗೇ ವಾಪಸ್. ಈ ತರ ತನ್ನ ದನಿ ತಾನೇ ಹಿಂದೆ ಕೇಳ್ತಾ ಮಾತಾಡೋಕೆ ಹೆಚ್ಚಿನವರ ಕೈಲಿ ಆಗಲ್ಲ, ನಾಲಿಗೆ ತೊದಲುತ್ತೆ. ಮೇಷ್ಟ್ರು ತೊದಲಿದ್ರು, ನಿಂತ್ರು, "ಯಾರೋ ನನ್ನನ್ನ ಅಣಕಿಸ್ತಿದ್ದಾರೆ" ಅಂದ್ರು. ನನಗೆ? ಏನೂ ಇಲ್ಲ! ನನ್ನ ಹೆಡ್‌ಫೋನಲ್ಲಿ ಎಲ್ಲಾ ಗಾಜಿನಂಗೆ ಕ್ಲೀನ್. ಹಂಗಾಗಿ ಸಮಸ್ಯೆ ಮೇಷ್ಟ್ರ ಕಡೆಯದ್ದೇ ಅಂತ ತೀರ್ಮಾನ ಮಾಡಿ, "ಸರ್, ಇಯರ್‌ಫೋನ್ ತೆಗೆದು ಮತ್ತೆ ಹಾಕಿ" ಅಂತ ಬೇರೆ ಬುದ್ಧಿ ಹೇಳ್ದೆ. ಅವರು ತೆಗೆದ್ರು. ಹಾಕಲಿಲ್ಲ.

ಬಿ-1 ಕಣ್ಣಿಗೆ ಬೀಳೋಕೆ ನಾಲ್ಕು ನಿಮಿಷ. ರೆಕಾರ್ಡಿಂಗಲ್ಲಿ ಟೈಮ್‌ಲೈನ್ ನೋಡಿ ಲೆಕ್ಕ ಹಾಕಿದ್ದೀನಿ, ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್. ಅದರಲ್ಲಿ 'ಹಲೋ' ಅಂತ ನಾನು ಹದಿನಾಲ್ಕು ಸಲ ಅಂದಿದ್ದೀನಿ. ಆ ನಾಯ್ಸ್ ಸಪ್ರೆಶನ್ ತೆಗೆಯೋ ಒರಿಜಿನಲ್ ಸೌಂಡ್ ಬಟನ್ ಹೊಳೆದಿದ್ದು ಅದಾದಮೇಲೆ, ಅದೂ ನ್ಯೂಜೆರ್ಸಿಯವರು ಮೆಲ್ಲಗೆ ನೆನಪು ಮಾಡಿದ್ದಕ್ಕೆ. ಒತ್ತಿದೆ, ಕ್ಲಿಪ್ ಮತ್ತೆ ಬಿಟ್ಟೆ, ಈ ಸಲ ಎಲ್ಲರಿಗೂ ಕೇಳಿಸ್ತು, ಧಾರವಾಡದವರು "ಭಾಳ ಛಂದ ಅದ ರೀ" ಅಂದ್ರು. ಮೇಷ್ಟ್ರು ವಾಪಸ್ ಬಂದಿದ್ರು. ಆ ದಿಂಡಿನ ಕಥೆ ಮುಗಿಸಿ ಸರ್ ಅಂದ್ರೆ, "ಅಯ್ಯೋ ಅದೇನೋ ಸೂಜಿ ಕಥೆ, ಇರ್ಲಿ ಬಿಡಿ" ಅಂದುಬಿಟ್ರು. ಹೋಸ್ಟ್ ಒತ್ತಾಯ ಮಾಡಿದ್ದಕ್ಕೆ ಎರಡು ವಾಕ್ಯದಲ್ಲಿ ಹೇಳಿದ್ರು, ಉಪ್ಪಿಲ್ಲ ಖಾರ ಇಲ್ಲ.

ಈಗ ನಾನು 'ಕೇಳಿಸ್ತಾ' ಅಂತ ಕೇಳಲ್ಲ. ಕ್ಲಿಪ್‌ನ ಒಂದು ತುಂಡು ಬಿಟ್ಟು 'ಏನ್ ಕೇಳಿಸ್ತು, ಹೇಳಿ' ಅಂತೀನಿ, ಪರೀಕ್ಷೆ ತರ. ನಮ್ಮ ಜನ ದೊಡ್ಡ ಮನಸ್ಸಿನವರು, ಕೇಳಿಸ್ತಾ ಅಂದ್ರೆ ಕೇಳಿಸದಿದ್ರೂ ಹೂಂ ಅಂತಾರೆ. ಪಕ್ಕದಲ್ಲಿ ನನ್ನ ಫೋನಿಂದಾನೂ ಗೆಸ್ಟ್ ಆಗಿ ಜಾಯಿನ್ ಆಗಿ ಒಂದು ಕಿವಿ ಅಲ್ಲಿಡ್ತೀನಿ. ಒಬ್ಬೊಬ್ಬರಿಗೆ ಒಂದೊಂದು ಆಡಿಯೋ ಫೈಲ್ ಅನ್ನೋ ಟಿಕ್ಕನ್ನೂ ಹಾಕ್ತೀನಿ. ಅವತ್ತು ಹಾಕಿರಲಿಲ್ಲ, ಮೂರೂ ಗೆಸ್ಟ್ ಒಂದೇ ಟ್ರ್ಯಾಕಲ್ಲಿ, ಧಾರವಾಡದ ಕುಕ್ಕರ್ ವಿಶಲ್ ಮೇಷ್ಟ್ರ ಮಾತಿನ ಮೇಲೇ ಕೂತಿತ್ತು. ಅದೇ ಆಪ್‌ನ ಸಪ್ರೆಶನ್ ಕುಕ್ಕರನ್ನ ಮಾತ್ರ ಬಿಟ್ಟುಬಿಡ್ತು ನೋಡಿ, ಗೌಹರ್ ಜಾನ್‌ಗೆ ಇಲ್ಲದ ಮರ್ಯಾದೆ.

ಮಧ್ಯಾಹ್ನ ಕ್ಷಮೆ ಕೇಳೋಣ ಅಂತ ಮೈಸೂರಿಗೆ ಫೋನ್ ಮಾಡ್ದೆ. ಎತ್ತಿದ್ದು ಮೊಮ್ಮಗ, ಎಸ್ಸೆಸ್ಸೆಲ್ಸಿ ಹುಡುಗ. "ಅಂಕಲ್, ನಾನು ತಾತಂದು ಫೋನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ, ಬೇಕಾ?" ನನ್ನ ಜೀವ ಬಾಯಿಗೆ ಬಂತು. ಕ್ವಾಲಿಟಿ ಕೆಡದಂಗೆ ಡಾಕ್ಯುಮೆಂಟ್ ಆಗಿ ಕಳಿಸಪ್ಪ ಅಂದೆ. ನನ್ನ ರೆಕಾರ್ಡಿಂಗ್ ಜೊತೆ ಇಟ್ಟು ನೋಡಿದ್ರೆ ಐವತ್ತು ನಿಮಿಷಕ್ಕೆ ಕಾಲು ಸೆಕೆಂಡ್ ಡ್ರಿಫ್ಟ್, ಅಂದ್ರೆ ಅಷ್ಟು ಹಿಂದೆಮುಂದೆ, ಅಲ್ಲಲ್ಲಿ ಕತ್ತರಿಸಿ ಕೂರಿಸ್ದೆ, ಅದೇನು ದೊಡ್ಡದಲ್ಲ. ಆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡಲ್ಲಿ ನಾನು ಹಲೋ ಹಲೋ ಅಂತ ಬಡ್ಕೊಳ್ತಿರ್ಬೇಕಾದ್ರೆ ಮೇಷ್ಟ್ರು ಇಯರ್‌ಫೋನ್ ಪಕ್ಕಕ್ಕಿಟ್ಟು ಮೊಮ್ಮಗನಿಗೆ ಇಡೀ ಕಥೆ ಹೇಳಿದ್ದಾರೆ. ಈಳಿಗೆಮಣೆ, ದಿಂಡಿನ ಪಲ್ಯ, ಅಪ್ಪನ ಬಾಯಿಗೆ ಸಿಕ್ಕ ಸೂಜಿ, ಅಪ್ಪ ಅದನ್ನ ತೆಗೆದು ಬೆಳಕಿಗೆ ಹಿಡಿದು ನೋಡಿದ್ದು, ಹುಡುಗನ ನಗು, ಎಲ್ಲಾ ಇದೆ.

ಕಥೆಗೆ ಮುಂಚೆ ಒಂದು ಮಾತೂ ಇದೆ. "ಪಾಪ, ಹೊಸಬ ಇರ್ಬೇಕು ಕಣೋ. ಕಲ್ಕೋತಾನೆ ಬಿಡು."

ಅಷ್ಟನ್ನ ನೀಟಾಗಿ ಕತ್ತರಿಸಿ ಹೋಸ್ಟ್‌ಗೆ ರಫ್ ಕಟ್ ಕಳಿಸ್ದೆ. ಅವಳು ಮೂಲ ಫೈಲನ್ನೂ ಕೇಳಿದ್ಲಂತೆ. ರಾತ್ರಿ ಮೆಸೇಜ್ ಬಂತು: 'ಕತ್ತರಿಸಿದ್ದನ್ನ ವಾಪಸ್ ಹಾಕು, ಎಪಿಸೋಡ್ ಅಲ್ಲಿಂದಾನೇ ಶುರುವಾಗ್ಬೇಕು.'