ತಿಯಾವ್ ಹೊಳೆಯ ಈಚೆ ದಡದ ಶಾಲೆ

ಮಿಜೋರಾಂಗೆ ಹೋಗುವ ಆಸೆ ಹುಟ್ಟಿಸಿದ್ದು ರಿಹ್ ದಿಲ್ ಎಂಬ ಸರೋವರ. ಹೃದಯದ ಆಕಾರದ ಆ ಸರೋವರ ಇರುವುದು ಗಡಿಯಾಚೆ, ಮ್ಯಾನ್ಮಾರ್‌ನ ಚಿನ್ ರಾಜ್ಯದಲ್ಲಿ. ಸತ್ತವರ ಆತ್ಮ ಅದನ್ನು ದಾಟಿಕೊಂಡೇ ಮುಂದೆ ಹೋಗುತ್ತದೆ ಅಂತ ಮಿಜೋ ಜನರ ಹಳೆಯ ನಂಬಿಕೆ. ಮೊದಲೆಲ್ಲ ಪ್ರವಾಸಿಗಳು ಗಡಿಯ ಸೇತುವೆ ದಾಟಿ ಅದನ್ನು ನೋಡಿಕೊಂಡು ಬರುತ್ತಿದ್ದರು. ಈಗ ಆಚೆ ಕಡೆ ಯುದ್ಧ. ನಾನು ಈಚೆ ದಡದ ಜೋಖಾವ್ತಾರ್‌ನಲ್ಲೇ ಉಳಿದೆ. ಅಲ್ಲಿ ಒಂದು ಶಾಲೆಗೆ ಹೋದೆ. ಊರಿಗೆ ಬಂದ ಮೇಲೂ ತಲೆಯಲ್ಲಿ ಕೂತಿರುವುದು ಆ ಶಾಲೆಯೇ.

ದಾರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಭಾನುವಾರ ಮಿಜೋರಾಂನಲ್ಲಿ ಏನೂ ನಡೆಯುವುದಿಲ್ಲ. ಅಂಗಡಿ ಇಲ್ಲ, ಸುಮೋ ಇಲ್ಲ, ಇಡೀ ಊರು ಚರ್ಚಿನಲ್ಲಿರುತ್ತದೆ. ಐಜ್ವಾಲ್‌ನಲ್ಲಿ ನಾನು ಉಳಿದಿದ್ದ ಲಾಡ್ಜಿನವರು ಶನಿವಾರ ರಾತ್ರಿ ‘ನಾಳೆ ಬೆಳಿಗ್ಗೆ ಚಂಫಾಯಿಗೆ ಗಾಡಿ ಇದೆ’ ಅಂತ ಮುಂಗಡ ಇಸಿದುಕೊಂಡರು. ಬೆಳಿಗ್ಗೆ ಚೀಲ ಹೊತ್ತು ನಿಂತರೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಮುಂಗಡವೂ ವಾಪಸ್ ಬರಲಿಲ್ಲ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಹೋಗುವವರು ಸುಮೋ ಕೌಂಟರಿಗೆ ನೀವೇ ಹೋಗಿ ಟಿಕೆಟ್ ತೆಗೆದುಕೊಳ್ಳಿ. ಇನ್ನರ್ ಲೈನ್ ಪರ್ಮಿಟ್ಟಿನ, ಅಂದರೆ ಹೊರಗಿನವರು ರಾಜ್ಯದೊಳಗೆ ಬರಲು ಬೇಕಾದ ಅನುಮತಿ ಪತ್ರದ, ಜೆರಾಕ್ಸ್ ಪ್ರತಿಗಳು ಜಾಸ್ತಿಯೇ ಇರಲಿ.

ಐಜ್ವಾಲ್‌ನಿಂದ ಚಂಫಾಯಿಗೆ ಸುಮಾರು 190 ಕಿಲೋಮೀಟರ್. ಬೆಟ್ಟದ ದಾರಿ, ಇಡೀ ದಿನ ಹಿಡಿಯುತ್ತದೆ. ಸೆಲಿಂಗ್ ಹತ್ತಿರ ರಸ್ತೆ ಬದಿಯಲ್ಲಿ ಕಾಯುವವರೇ ಇಲ್ಲದ ಬಿದಿರಿನ ಅಂಗಡಿಗಳಿವೆ. ತರಕಾರಿ ತೆಗೆದುಕೊಂಡು, ಬರೆದಿಟ್ಟ ಬೆಲೆ ನೋಡಿ, ಡಬ್ಬಿಗೆ ದುಡ್ಡು ಹಾಕಿ ಹೋಗುವುದು. ಇಂಥ ವ್ಯಾಪಾರ ನಾನು ಬೇರೆಲ್ಲೂ ಕಂಡಿಲ್ಲ.

ಚಂಫಾಯಿಯಲ್ಲಿ ನಾನು ಉಳಿದ ಮನೆಯ ಅಜ್ಜಿ ಕೊಟ್ಟ ಸೊಪ್ಪಿನ ‘ಬಾಯ್’ ಬಹಳ ರುಚಿಯಾಗಿತ್ತು. ಎಣ್ಣೆ ಇಲ್ಲ, ಮಸಾಲೆ ಇಲ್ಲ, ಬಿಸಿಬಿಸಿ ಅನ್ನಕ್ಕೆ ಹೇಳಿಮಾಡಿಸಿದ ಹಾಗೆ. 1966ರ ಮಾರ್ಚ್‌ನಲ್ಲಿ ಮಿಜೋ ಬಂಡಾಯ ಹತ್ತಿಕ್ಕಲು ಐಜ್ವಾಲ್ ಮೇಲೆ ನಮ್ಮದೇ ವಾಯುಪಡೆಯ ವಿಮಾನಗಳು ದಾಳಿ ಮಾಡಿದ್ದವು. ಆ ಗಲಾಟೆಯ ಕಾಲದಲ್ಲಿ ಅಜ್ಜಿಯ ಮನೆಯವರು ತಿಯಾವ್ ದಾಟಿ ಚಿನ್ ಬೆಟ್ಟಗಳಿಗೆ ಓಡಿದ್ದರಂತೆ. ‘ಆಗ ಅವರು ನಮಗೆ ಅನ್ನ ಹಾಕಿದರು’ ಅಂದರು. 2021ರ ಫೆಬ್ರವರಿ 1ರಂದು ಮ್ಯಾನ್ಮಾರ್ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಅದೇ ಹೊಳೆ ದಾಟಿ ಜನ ಈ ಕಡೆ ಬಂದರು. ಬಂದವರು ಮೂವತ್ತು ಸಾವಿರಕ್ಕೂ ಹೆಚ್ಚು. ಗಡಿಯಲ್ಲೇ ತಡೆಯಿರಿ ಅಂತ ದೆಹಲಿಯಿಂದ ಸೂಚನೆ ಬಂದರೂ ಮಿಜೋರಾಂ ಸರ್ಕಾರ ಒಪ್ಪಲಿಲ್ಲ. ಚಿನ್ ಜನ ಮಿಜೋಗಳ ರಕ್ತಸಂಬಂಧಿಗಳು, ಅವರನ್ನು ಹೇಗೆ ವಾಪಸ್ ಕಳಿಸುವುದು ಅಂತ ಕೇಳಿತು. ಆ ನಿಲುವಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಅದೇ ವರ್ಷ ರಾಜ್ಯದ ಶಿಕ್ಷಣ ಇಲಾಖೆ ನಿರಾಶ್ರಿತ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಹೇಳಿತು. ಅದಕ್ಕೆ ಆಧಾರ ಶಿಕ್ಷಣ ಹಕ್ಕು ಕಾಯ್ದೆ. ಆ ಕಾಯ್ದೆ ಇರುವುದು 6ರಿಂದ 14 ವರ್ಷದವರಿಗೆ. ಹದಿನೈದು, ಹದಿನಾರರವರು ಏನು ಮಾಡಬೇಕು? ನಾನು ನೋಡಿದ ಶಾಲೆ ಹುಟ್ಟಿದ್ದೇ ಇಂಥವರಿಗಾಗಿ. ಸೇನೆಯ ಕೈಕೆಳಗೆ ಪಾಠ ಮಾಡುವುದಿಲ್ಲ ಅಂತ ಸರ್ಕಾರಿ ಕೆಲಸ ಬಿಟ್ಟು ಬಂದ ಮೇಷ್ಟ್ರುಗಳು ಸೇರಿ ನಡೆಸುತ್ತಾರೆ. ಸಂಬಳ ಅಂತ ಹೇಳುವಂಥದ್ದು ಏನಿಲ್ಲ.

ಬಿದಿರಿನ ತಟ್ಟಿಗೋಡೆ, ತಗಡಿನ ಮಾಡು, ಪ್ಲೈವುಡ್ಡಿಗೆ ಬಣ್ಣ ಬಳಿದ ಕಪ್ಪು ಹಲಗೆ. ನಾನು ಹೋದಾಗ ಬೀಜಗಣಿತ ನಡೆಯುತ್ತಿತ್ತು. ಧೋ ಅಂತ ಮಳೆ ಶುರುವಾಯಿತು. ತಗಡಿನ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ಪಾಠ ನಿಲ್ಲುತ್ತದೆ ಅಂದುಕೊಂಡೆ, ನಿಲ್ಲಲಿಲ್ಲ. ಮೇಷ್ಟ್ರು ಬಾಯಿ ಮುಚ್ಚಿ ಬರೆಯತೊಡಗಿದರು. ಅರ್ಥವಾಗದವರು ಎರಡು ಬೆರಳು ಎತ್ತಿದರು, ಆ ಸಾಲನ್ನು ಅವರು ಅಳಿಸಿ ಮತ್ತೆ ಬಿಡಿಸಿದರು. ಮಳೆ ನಿಲ್ಲುವ ಹೊತ್ತಿಗೆ ಎರಡು ಲೆಕ್ಕ ಮುಗಿದಿತ್ತು.

ಹಾಜರಿ ಪುಸ್ತಕ ಮೇಷ್ಟ್ರ ಹತ್ತಿರ ಇರಲಿಲ್ಲ. ಹದಿನೇಳು ವರ್ಷದ ಒಬ್ಬ ಹುಡುಗಿಯ ಹತ್ತಿರ ಇತ್ತು. ಬೆಳಿಗ್ಗೆ ಚಿಕ್ಕವರಿಗೆ ಪಾಠ ಹೇಳಿಕೊಡುತ್ತಾಳೆ, ಆಮೇಲೆ ತಾನೇ ಕೂತು ಕಲಿಯುತ್ತಾಳೆ. ಚಿಕ್ಕ ಮಕ್ಕಳೆಲ್ಲ ಅವಳನ್ನು ‘ಊ’ ಅಂತ, ಅಂದರೆ ಅಕ್ಕ ಅಂತ ಕರೆಯುತ್ತಾರೆ. ಚಿನ್ ರಾಜ್ಯದ ಫಲಾಮ್ ಕಡೆಯವಳು. ಅವಳ ಶಾಲೆ ಮೊದಲು ಕೋವಿಡ್‌ಗೆ ಮುಚ್ಚಿತು, ಆಮೇಲೆ ಸೇನೆ ಬಂತು. ಇಲ್ಲಿಗೆ ಬಂದಾಗ ಬರ್ಮೀಸ್‌ನಲ್ಲಿ ಕಲಿತದ್ದು ಉಪಯೋಗಕ್ಕೆ ಬರಲಿಲ್ಲ. ತನಗಿಂತ ತುಂಬಾ ಚಿಕ್ಕವರ ಜೊತೆ ಕೂರಿಸಿದರು. ನಾಚಿಕೆಯಾಗಿ ಬಿಟ್ಟು, ಚಂಫಾಯಿಯ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದಳು.

ಹಾಜರಿ ಪುಸ್ತಕ ತೋರಿಸಿದಳು. ಬಂದವರಿಗೆ ಗೆರೆ, ಬಾರದವರಿಗೆ ಸೊನ್ನೆ. ಕೆಲವು ಹೆಸರುಗಳ ಮುಂದೆ ಚಿಕ್ಕ ತ್ರಿಕೋನ. ಅದೇನು ಅಂತ ಕೇಳಿದೆ.

‘ಮೂಟೆ ಹೊರಲು ಹೋದವರು ಸರ್.’

‘ಏನು ಮೂಟೆ?’

‘ಅಡಿಕೆ.’

ನನಗೆ ಮಾತೇ ಹೊರಡಲಿಲ್ಲ. ನಾನು ಸಾಗರದ ಕಡೆಯವನು. ದರ ಬಿದ್ದಾಗಲೆಲ್ಲ ನಮ್ಮ ಜಗುಲಿಗಳಲ್ಲಿ ಬರ್ಮಾ ಅಡಿಕೆಗೆ ಹಿಡಿಶಾಪ ಹಾಕುತ್ತೇವೆ. ಕಳ್ಳದಾರಿಯಲ್ಲಿ ಬಂದು ನಮ್ಮ ಮಾರುಕಟ್ಟೆ ಹಾಳು ಮಾಡಿತು ಅಂತ. ಅದನ್ನು ಹೊಳೆ ದಾಟಿಸುವ ಬೆನ್ನು ಹದಿನೈದು ವರ್ಷದ ಹುಡುಗರದ್ದು ಅಂತ ಯಾವತ್ತೂ ಹೊಳೆದಿರಲಿಲ್ಲ. ನಮ್ಮೂರಲ್ಲೂ ಅಡಿಕೆ ಬೆಳೆಯುತ್ತೇವೆ ಅಂದೆ. ಅವಳಿಗೆ ಖುಷಿಯೋ ಖುಷಿ. ಯಾರು ಸುಲಿಯುತ್ತಾರೆ, ಮಕ್ಕಳೂ ಸುಲಿಯುತ್ತಾರಾ ಅಂತ ಒಂದರ ಹಿಂದೊಂದು ಕೇಳಿದಳು. ನಾನೂ ಚಿಕ್ಕವನಿದ್ದಾಗ ಸುಗ್ಗಿಯ ರಾತ್ರಿಗಳಲ್ಲಿ ಮೆಟ್ಟುಗತ್ತಿ ಮುಂದೆ ಕೂತಿದ್ದೆ ಅಂದೆ. ‘ಬೆಳಿಗ್ಗೆ ಶಾಲೆಗೆ ಹೋಗುತ್ತಿದ್ದಿರಾ?’ ಅಂದಳು. ಹೋಗುತ್ತಿದ್ದೆ. ‘ನಾನೂ ಅವರಿಗೆ ಅದನ್ನೇ ಹೇಳಿದ್ದು’ ಅಂದಳು.

ಆಮೇಲೆ ಅವಳು ಹೇಳಿದ್ದು ನಿಧಾನವಾಗಿ ಕೇಳಬೇಕಾದ ಕಥೆ. ತ್ರಿಕೋನ ಬಿದ್ದವರ ಮನೆಗೆ ಸಂಜೆ ಅವಳೇ ಹೋಗುತ್ತಾಳೆ. ಒಬ್ಬ ಅಪ್ಪ ‘ನಿನ್ನ ಪಾಠದಿಂದ ಅಕ್ಕಿ ಬರುತ್ತಾ?’ ಅಂದನಂತೆ. ಅವಳ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಅವನು ಹೇಳಿದ್ದು ನಿಜ. ಹಾಗಾಗಿ ಚೌಕಾಸಿಗೆ ಇಳಿದಳು. ವಾರಕ್ಕೆ ಮೂರು ದಿನ ಮೂಟೆ, ಮೂರು ದಿನ ಶಾಲೆ, ತಪ್ಪಿದ ಪಾಠ ಸಂಜೆ ಅವಳೇ ಹೇಳಿಕೊಡುವುದು. ಅಪ್ಪ ಒಪ್ಪಿದ. ಮೇಷ್ಟ್ರು ಒಪ್ಪಲಿಲ್ಲ, ಶಿಸ್ತು ಹಾಳಾಗುತ್ತದೆ ಅಂದರು. ಅವಳು ಬಿಡಲಿಲ್ಲ. ದೊಡ್ಡ ಮಕ್ಕಳೆಲ್ಲ ಸೇರಿ ಸಭೆ ಮಾಡಿದರು, ಕೈ ಎತ್ತಿಸಿ ಲೆಕ್ಕ ಹಾಕಿದರು. ಈಗ ಗೋಡೆಯ ಮೇಲೆ ಎರಡು ವೇಳಾಪಟ್ಟಿ ಇವೆ. ಎರಡನೆಯದು ಅವಳ ಕೈಬರಹದ್ದು.

ಮೇಷ್ಟ್ರನ್ನು ಕೇಳಿದೆ. ‘ಅವಳು ಹೇಳಿದ್ದೇ ಸರಿ’ ಅಂದರು. ‘ಆ ಹುಡುಗರು ಶಾಲೆ ಬಿಟ್ಟರೆ ಮುಂದೆ ಇರುವುದು ಎರಡೇ. ಒಂದು ಮೂಟೆ, ಇನ್ನೊಂದು ಬಂದೂಕು.’ 2024ರ ಫೆಬ್ರವರಿಯಲ್ಲಿ ಮ್ಯಾನ್ಮಾರ್ ಸೇನೆ ಕಡ್ಡಾಯ ಸೇನಾಸೇವೆ ಜಾರಿ ಮಾಡಿತು. ಗಂಡಸರಿಗೆ 18ರಿಂದ 35, ಹೆಂಗಸರಿಗೆ 18ರಿಂದ 27. ಈ ಹುಡುಗಿಗೆ ಬರುವ ವರ್ಷ ಹದಿನೆಂಟು.

ಮುಂದೆ ಏನಾಗಬೇಕು ಅಂತ ಕೇಳಿದ್ದಕ್ಕೆ ಟೀಚರ್ ಅಂದಳು. ಎಲ್ಲಿ ಅಂದೆ. ‘ಫಲಾಮ್‌ನಲ್ಲಿ. ಆಗದಿದ್ದರೆ ಇಲ್ಲೇ. ಮಕ್ಕಳು ಎರಡೂ ಕಡೆ ಇದ್ದಾರಲ್ವಾ?’

ಆ ಕಡೆ ಹೋಗುವವರಿಗೆ ಎರಡು ಮಾತು. ಮಕ್ಕಳ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಬೇಡಿ. ಅವರ ಅಜ್ಜ-ಅಜ್ಜಿ, ಚಿಕ್ಕಪ್ಪಂದಿರು ಇನ್ನೂ ಹೊಳೆಯ ಆಚೆ ಇದ್ದಾರೆ, ಮುಖ ಗುರುತು ಸಿಕ್ಕರೆ ಅವರಿಗೆ ತೊಂದರೆ. ಇನ್ನೊಂದು, ಸುಮ್ನೆ ಚಾಕಲೇಟು, ಹಳೇ ಬಟ್ಟೆ ಒಯ್ಯಬೇಡಿ. ಶಾಲೆಯವರು ನನ್ನ ಹತ್ತಿರ ಕೇಳಿದ್ದು ಒಂಬತ್ತು, ಹತ್ತನೇ ತರಗತಿಯ ಇಂಗ್ಲಿಷ್ ಮಾಧ್ಯಮದ ಗಣಿತ ಮತ್ತು ವಿಜ್ಞಾನದ ಪುಸ್ತಕ. ಹಳೆಯದಾದರೂ ನಡೆಯುತ್ತದೆ, ಹಾಳೆ ಹರಿದಿರಬಾರದು ಅಷ್ಟೇ. ಮಳೆಗಾಲವಾದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿ, ಸುಮೋದವರು ಲಗೇಜು ಹಾಕುವುದು ಗಾಡಿಯ ತಲೆ ಮೇಲೆ.