ರೇಡಿಯೊಹೆಡ್ ಆಲ್ಬಮ್‌ಗಳು: ತಕರಾರೆಲ್ಲ ಜೋಡಣೆಯದ್ದೇ

ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೊಹೆಡ್ 1993ರಿಂದ 2016ರವರೆಗೆ ತಂದದ್ದು ಒಂಬತ್ತು ಸ್ಟುಡಿಯೊ ಆಲ್ಬಮ್. ಅವುಗಳ ಮೇಲೆ ಅಭಿಮಾನಿಗಳು ಆಡಿರುವ ಜಗಳಕ್ಕೆ ಲೆಕ್ಕವಿಲ್ಲ. 'ಓಕೆ ಕಂಪ್ಯೂಟರ್' ದೊಡ್ಡದೋ 'ಕಿಡ್ ಎ' ದೊಡ್ಡದೋ, 'ಇನ್ ರೇನ್‌ಬೋಸ್' ಎದುರು ಎರಡೂ ಸಪ್ಪೆಯೋ ಎಂದು ಮಾತು ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಅದು ಬೇರೆ ಕಡೆ ತಿರುಗುತ್ತದೆ: ಈ ಹಾಡನ್ನು ಯಾಕೆ ಒಳಗೆ ಬಿಟ್ಟುಕೊಂಡರು, ಆ ಹಾಡನ್ನು ಯಾಕೆ ಹೊರಗಿಟ್ಟರು, ಇದು ಕೊನೆಗೆ ಯಾಕೆ ಬಂತು. ಈ ಬ್ಯಾಂಡಿನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಯೂ ಅದೇ. ಇವರಿಗೆ ಒಳ್ಳೆಯ ಹಾಡಿನ ಬರ ಯಾವತ್ತೂ ಇರಲಿಲ್ಲ. ಗೆದ್ದದ್ದೂ ಎಡವಿದ್ದೂ ಆಯ್ಕೆಯಲ್ಲಿ, ಸಾಲಿನಲ್ಲಿ.

ವಾದಕ್ಕೆ ಕೂರುವ ಮೊದಲು ಫೋನಿನ ಸೆಟ್ಟಿಂಗ್ ನೋಡಿಕೊಳ್ಳಿ. ಅರ್ಧ ಜಗಳ ಅಲ್ಲೇ ಹುಟ್ಟುವುದು. ಆಲ್ಬಮ್ ಕೇಳುವಾಗ ಕ್ರಾಸ್‌ಫೇಡ್ ಸೊನ್ನೆಗಿರಲಿ, ಅಂದರೆ ಒಂದು ಹಾಡಿನ ಬಾಲದ ಮೇಲೆ ಮುಂದಿನದರ ತಲೆ ಕವಿಯದಿರಲಿ. ಇಲ್ಲದಿದ್ದರೆ 'ಏರ್‌ಬ್ಯಾಗ್' ಮುಗಿದ ಮೇಲೆ ಬರುವ ಬೀಪ್ ಸದ್ದುಗಳು 'ಪ್ಯಾರನಾಯ್ಡ್ ಆಂಡ್ರಾಯ್ಡ್' ಗಿಟಾರಿನ ಕೆಳಗೆ ಹೂತುಹೋಗುತ್ತವೆ, 'ಇಡಿಯೊಟೆಕ್' ಹಾಡಿನಿಂದ 'ಮಾರ್ನಿಂಗ್ ಬೆಲ್'ಗೆ ದಾಟುವ ಬೆಸುಗೆ ಕಲಸಿಹೋಗುತ್ತದೆ. ಇನ್ನೊಂದು, 'ಕಿಡ್ ಎ' ಸಿಡಿಯಲ್ಲಿ ಕೊನೆಯ ಹಾಡಿನ ಉದ್ದ ಏಳು ನಿಮಿಷ ಅಂತ ಕಾಣುತ್ತದೆ. ಹಾಡು ಇರುವುದು ಅದರಲ್ಲಿ ಅರ್ಧಕ್ಕೂ ಕಡಿಮೆ. ಆಮೇಲೆ ಮೌನ, ನಡುವೆ ಒಂದು ನಿಮಿಷದೊಳಗಿನ ಬಚ್ಚಿಟ್ಟ ತುಣುಕು, ಮತ್ತೆ ಮೌನ. ಸ್ಟ್ರೀಮಿಂಗ್‌ನಲ್ಲಿ ಆ ತುಣುಕು ಬೇರೆ ಟ್ರ್ಯಾಕ್ ಆಗಿದೆ. ಹಾಗಾಗಿ ಸಿಡಿಯವರು 'ಹತ್ತು ಹಾಡು' ಅನ್ನುತ್ತಾರೆ, ಫೋನಿನವರು 'ಹನ್ನೊಂದು' ಅನ್ನುತ್ತಾರೆ, ಇಬ್ಬರೂ ಸರಿ.

ಜೋಡಣೆಯ ಪಾಠಕ್ಕೆ 'ಹೇಲ್ ಟು ದ ಥೀಫ್'ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2003ರ ಜೂನ್‌ನಲ್ಲಿ ಬಂದದ್ದು, 14 ಹಾಡು, 56 ನಿಮಿಷ 35 ಸೆಕೆಂಡ್. ಲಾಸ್ ಏಂಜಲಿಸ್‌ನಲ್ಲಿ ದಿನಕ್ಕೊಂದು ಹಾಡಿನಂತೆ ಎರಡು ವಾರದಲ್ಲಿ ಹೆಚ್ಚಿನದನ್ನು ಮುಗಿಸಿದರು. ಬಿಡುಗಡೆಗೆ ಹತ್ತು ವಾರ ಮೊದಲೇ ಮಾಸ್ಟರಿಂಗ್ (ಸದ್ದಿಗೆ ಕೊಡುವ ಕೊನೆಯ ಹದ) ಆಗದ ಪ್ರತಿ ಸೋರಿಹೋಯಿತು. ಉದ್ದವಾಯಿತು ಎಂದು ಬ್ಯಾಂಡಿನವರೇ ಒಪ್ಪಿಕೊಂಡರು. 2008ರಲ್ಲಿ ಗಾಯಕ ಥಾಮ್ ಯಾರ್ಕ್ ಹತ್ತು ಹಾಡಿನ ಬೇರೆ ಪಟ್ಟಿಯನ್ನೇ ಹೊರಬಿಟ್ಟ. ಅವನ ಕತ್ತರಿಗೆ ಸಿಕ್ಕಿದ್ದು 'ಬ್ಯಾಕ್‌ಡ್ರಿಫ್ಟ್ಸ್' (5:22), 'ವಿ ಸಕ್ ಯಂಗ್ ಬ್ಲಡ್' (4:56), 'ಐ ವಿಲ್' (1:59), 'ಎ ಪಂಚಪ್ ಅಟ್ ಎ ವೆಡ್ಡಿಂಗ್' (4:57). ಕೂಡಿದರೆ 17 ನಿಮಿಷ 14 ಸೆಕೆಂಡ್. ಉಳಿಯುವುದು 39 ನಿಮಿಷ ಚಿಲ್ಲರೆ.

ಉದ್ದದ ಲೆಕ್ಕ ಸರಿ, ಸಾಲು ತಪ್ಪು. ಯಾರ್ಕ್ ಪಟ್ಟಿ 'ದೇರ್ ದೇರ್'ನಿಂದ ಶುರುವಾಗಿ '2+2=5' ಅನ್ನು ಎಂಟನೆಯದಾಗಿ ತಳ್ಳುತ್ತದೆ. '2+2=5' ಶುರುವಾಗುವುದು ಜಾನಿ ಗ್ರೀನ್‌ವುಡ್ ಗಿಟಾರಿಗೆ ವೈರ್ ಚುಚ್ಚುವ ಚಟಚಟ ಸದ್ದಿನಿಂದ; ಅದರ ಹಿಂದೆಯೇ, ಶುರು ಮಾಡೋಕೆ ಚೆನ್ನಾಗಿದೆ ಅಂತ ಯಾರ್ಕ್ ಅವನನ್ನು ಛೇಡಿಸುವುದೂ ಕೇಳುತ್ತದೆ. ಆಲ್ಬಮ್ಮಿನ ಬಾಗಿಲು ತೆರೆಯುವ ಸದ್ದು ಅದು. ಏಳು ಹಾಡು ಆದಮೇಲೆ ಅದೇ ಚಟಚಟ ಬಂದರೆ ಎಲ್ಲೋ ವೈರ್ ಸಡಿಲವಾಗಿದೆ ಅನ್ನಿಸುತ್ತದೆ. 'ಪಂಚಪ್' ಬಿಟ್ಟದ್ದೂ ಒಪ್ಪುವ ಮಾತಲ್ಲ. ಕಾಲಿನ್ ಗ್ರೀನ್‌ವುಡ್ ಬೇಸ್ ಆರಾಮಾಗಿ ಕಾಲು ಚಾಚುವ ಜಾಗ ಇಡೀ ಆಲ್ಬಮ್ಮಿನಲ್ಲಿ ಅದೊಂದೇ.

ನನ್ನ ಕತ್ತರಿ ಹೀಗೆ: ಮೂಲ ಸಾಲು ಹಾಗೇ ಇರಲಿ, ನಾಲ್ಕನೆಯ 'ಬ್ಯಾಕ್‌ಡ್ರಿಫ್ಟ್ಸ್', ಏಳನೆಯ 'ವಿ ಸಕ್ ಯಂಗ್ ಬ್ಲಡ್', ಎಂಟನೆಯ 'ದ ಗ್ಲೋಮಿಂಗ್' (3:32) ತೆಗೆಯಿರಿ. 13 ನಿಮಿಷ 50 ಸೆಕೆಂಡ್ ಹೋಗಿ 42:45 ಉಳಿಯುತ್ತದೆ. 'ಇನ್ ರೇನ್‌ಬೋಸ್' 42:39, ಹೆಚ್ಚೂಕಡಿಮೆ ಅಷ್ಟೇ. ಇದರ ಲಾಭ ಕಾಣುವುದು ನಡುವಿನಲ್ಲಿ. 'ವೇರ್ ಐ ಎಂಡ್ ಅಂಡ್ ಯು ಬಿಗಿನ್' ಓಟ ಮುರಿಯದೆ ನೇರ 'ದೇರ್ ದೇರ್' ಹಾಡಿನ ಟಾಮ್ ಡ್ರಮ್ಮಿಗೆ ಹೋಗಿ ಬೀಳುತ್ತದೆ. ಮೂಲದಲ್ಲಿ ಈ ಎರಡರ ನಡುವೆ ಎಂಟೂವರೆ ನಿಮಿಷ ಗಾಡಿ ನಿಂತಿರುತ್ತದೆ. 'ದ ಗ್ಲೋಮಿಂಗ್' ಆಲ್ಬಮ್ಮಿನ ಎರಡನೆಯ ಹೆಸರೇ ಅಲ್ಲವೇ, ಅದನ್ನೇ ಕಿತ್ತರೆ ಹೇಗೆ ಎನ್ನುವವರಿದ್ದಾರೆ. ಇರಲಿ. ಹೆಸರು ಇಟ್ಟುಕೊಂಡು ಹಾಡು ಬಿಟ್ಟವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ.

'ಐ ವಿಲ್' ಎರಡು ನಿಮಿಷದ ಹಾಡು, ತೆಗೆದರೇನು ಎಂದು ಕೇಳುವವರು ಒಂದು ವಿಷಯ ಗಮನಿಸಬೇಕು. 'ಆಮ್ನೀಸಿಯಾಕ್' ಆಲ್ಬಮ್ಮಿನ 'ಲೈಕ್ ಸ್ಪಿನ್ನಿಂಗ್ ಪ್ಲೇಟ್ಸ್' ಹುಟ್ಟಿದ್ದೇ 'ಐ ವಿಲ್'ನ ಹಳೆಯ ರೆಕಾರ್ಡಿಂಗ್ ಅನ್ನು ಹಿಂದುಮುಂದಾಗಿ ತಿರುಗಿಸಿದ್ದರಿಂದ. ಅದರ ಮೇಲೆ ಯಾರ್ಕ್ ಸಾಹಿತ್ಯವನ್ನೂ ಉಲ್ಟಾ ಹಾಡಿ, ಮತ್ತೆ ತಿರುಗಿಸಿ, ನೇರ ಕೇಳುವಂತೆ ಮಾಡಿದ. ಸ್ವರಗಳು ನುಂಗಿದಂತೆ, ವ್ಯಂಜನಗಳು ತಡವಾಗಿ ಬಂದಂತೆ ಕೇಳುವುದಕ್ಕೆ ಕಾರಣ ಅದು.

'ಆಮ್ನೀಸಿಯಾಕ್' ಬರೀ ಉಳಿಕೆ ಪಳಿಕೆ ಎಂಬ ಆರೋಪಕ್ಕೆ ಈಗ ಬರೋಣ. 'ಕಿಡ್ ಎ' 2000ದ ಅಕ್ಟೋಬರ್, 'ಆಮ್ನೀಸಿಯಾಕ್' 2001ರ ಜೂನ್. ಎರಡೂ ಒಂದೇ ಸುತ್ತಿನ ರೆಕಾರ್ಡಿಂಗ್‌ನಲ್ಲಿ ಹುಟ್ಟಿದವು: ಪ್ಯಾರಿಸ್, ಕೋಪನ್‌ಹೇಗನ್, ಗ್ಲಾಸ್ಟರ್‌ಶೈರ್‌ನ ಬ್ಯಾಟ್ಸ್‌ಫರ್ಡ್ ಪಾರ್ಕ್, ಆಮೇಲೆ ಆಕ್ಸ್‌ಫರ್ಡ್ ಕಡೆಯ ಸ್ವಂತ ಸ್ಟುಡಿಯೊ. ಉಳಿಕೆಯ ಡಬ್ಬಿಯಲ್ಲಿ 'ಪಿರಮಿಡ್ ಸಾಂಗ್' ಇರುವುದು ಅಸಾಧ್ಯ. ಆ ಹಾಡಿನ ತಾಳ ಯಾವುದು ಎಂಬುದೇ ಒಂದು ಪ್ರತ್ಯೇಕ ಜಗಳ. ಪಿಯಾನೊದ ಐದು ಪೆಟ್ಟು ಎಲ್ಲೆಲ್ಲೋ ಬಿದ್ದಂತೆ ಕೇಳುತ್ತವೆ. ಕೊನ್ನಕ್ಕೋಲ್ (ಬಾಯಲ್ಲೇ ತಾಳದ ಸೊಲ್ಲು ಹೇಳುವ ಕಲೆ) ಗೊತ್ತಿರುವ ನಮ್ಮವರಿಗೆ ಇದು ಕಷ್ಟವಲ್ಲ: ತಕಿಟ ತಕಿಟ ತಕಧಿಮಿ ತಕಿಟ ತಕಿಟ. 3+3+4+3+3, ಒಟ್ಟು 16. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಪಿಯಾನೊ ಬೀಳುತ್ತದೆ. ಹಾಡಿನ ಮೊದಲಿನಿಂದ ಬಾಯಲ್ಲಿ ಹೇಳಿಕೊಂಡು ಹೋಗಿ. ನಡುವೆ ಫಿಲ್ ಸೆಲ್ವೇ ಡ್ರಮ್ಮು ಸೇರಿಕೊಂಡಾಗ ಅದು ಸಾದಾ ನಾಲ್ಕರ ನಡೆಯನ್ನು ತೂಗಿ ಬಾರಿಸುತ್ತಿದೆ ಎಂದು ತಿಳಿಯುತ್ತದೆ, ನಿಮ್ಮ ಹದಿನಾರು ಅದರೊಳಗೆ ಸರಿಯಾಗಿ ಕೂರುತ್ತದೆ. ಹೆಚ್ಚಿನವರು ಎಡವುವುದು ನಡುವಿನ ತಕಧಿಮಿಯಲ್ಲಿ. ಅದನ್ನೂ ಮೂರಾಗಿ ಎಣಿಸಿದರೆ ಎರಡನೇ ಸುತ್ತಿಗೇ ಒಂದಕ್ಷರ ಮುಂದಿರುತ್ತೀರಿ.

ಎರಡನ್ನೂ ಸೇರಿಸಿ ಒಂದೇ ಆಲ್ಬಮ್ ಮಾಡಬೇಕಿತ್ತು ಎನ್ನುವವರ ಪಟ್ಟಿಗಳು ನೂರಾರು ಇವೆ. ಒಟ್ಟು ಒಂದೂವರೆ ಗಂಟೆ ಮೀರುತ್ತದೆ, ಒಂದು ಸಿಡಿಗೆ ಹಿಡಿಸುವುದಿಲ್ಲ. ಹಾಗಾಗಿ ಯಾವುದಾದರೂ ಮೂರ್ನಾಲ್ಕು ಹಾಡು ಬಿಡಲೇಬೇಕು. ಮೊದಲ ತೊಡಕು 'ಮಾರ್ನಿಂಗ್ ಬೆಲ್' ಎರಡು ಇರುವುದು. 'ಕಿಡ್ ಎ'ದು ಐದರ ಎಣಿಕೆಯ ಚುರುಕು ನಡೆ, 'ಆಮ್ನೀಸಿಯಾಕ್'ದು ನಿಧಾನ. ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಅರ್ಥವಿಲ್ಲ, ಎರಡನ್ನೂ ಇಟ್ಟರೆ ಪುನರುಕ್ತಿ. ಎರಡನೆಯ ತೊಡಕು ಶುರು. 'ಎವ್ರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್'ನ ಪ್ರಾಫೆಟ್-5 ಕೀಬೋರ್ಡು ಕೇಳಿದ ಕೂಡಲೇ ಹಳೆಯ ರೇಡಿಯೊಹೆಡ್ ಮುಗಿಯಿತು ಎಂದು ಗೊತ್ತಾಗುತ್ತದೆ. ಆ ಕೆಲಸ ಬೇರಾವ ಹಾಡೂ ಮಾಡದು. ನನ್ನ ಅಭಿಪ್ರಾಯ, ಬೇರೆ ಬೇರೆ ತಂದದ್ದೇ ಸರಿ. 'ಕಿಡ್ ಎ' ಇಡೀ ಬ್ಯಾಂಡಿನ ಅತ್ಯುತ್ತಮ ಜೋಡಣೆ. 'ಆಮ್ನೀಸಿಯಾಕ್'ನಲ್ಲಿ ಅದಕ್ಕಿಂತ ಒಳ್ಳೆಯ ಹಾಡುಗಳಿವೆ, ಸಾಲು ಮಾತ್ರ ಸಡಿಲ. (ಒಂದೇ ಸಲ ಎರಡು ಕಡೆ 'ಕಿಡ್ ಎ' ಹಾಕಿ, ಒಂದನ್ನು 17 ಸೆಕೆಂಡ್ ತಡವಾಗಿ ಶುರು ಮಾಡಿ ಕೇಳುವ ಚಟವೂ ಅಭಿಮಾನಿಗಳಲ್ಲಿದೆ. ಕೆಲವು ಕಡೆ ಚೆನ್ನಾಗಿ ಹೊಂದುತ್ತದೆ, ಉಳಿದ ಕಡೆ ಸಂತೆ.)

'ಪಾಬ್ಲೊ ಹನಿ' ಮೂರು ವಾರದಲ್ಲಿ ಮುಗಿಸಿದ ಮೊದಲ ಆಲ್ಬಮ್, 'ಕ್ರೀಪ್' ಇದೆ, ಅದರ ಮೇಲೆ ಯಾರೂ ಜಗಳವಾಡುವುದಿಲ್ಲ. 'ದ ಬೆಂಡ್ಸ್' ಬಗ್ಗೆ ಬರುವ ಒಂದೇ ತಕರಾರು 'ಟಾಕ್ ಶೋ ಹೋಸ್ಟ್' ಯಾಕಿಲ್ಲ ಎಂಬುದು. ಅದು ಆಲ್ಬಮ್ ಬಂದು ಆದಮೇಲೆ 1996ರ ಸಿಂಗಲ್ಲಿನ ಬಿ-ಸೈಡ್ ಆಗಿ, ಅಂದರೆ ಮುಖ್ಯ ಹಾಡಿನ ಜೊತೆಗಿನ ಹೆಚ್ಚುವರಿಯಾಗಿ, ಬಂದ ಹಾಡು.

ಈಗ ಅತಿ ಪ್ರಸಿದ್ಧವಾದ ಹೆಣಿಗೆ. 'ಓಕೆ ಕಂಪ್ಯೂಟರ್' 1997, 'ಇನ್ ರೇನ್‌ಬೋಸ್' 2007ರ ಅಕ್ಟೋಬರ್ 10. ಹತ್ತು ವರ್ಷದ ಅಂತರ, ರೋಮನ್ ಲಿಪಿಯಲ್ಲಿ ಎರಡೂ ಹೆಸರಿಗೆ ಹತ್ತತ್ತು ಅಕ್ಷರ. ಹಾಗಾದರೆ ಎರಡೂ ಒಂದಕ್ಕೊಂದು ಹೆಣೆಯಲೆಂದೇ ಮಾಡಿದ್ದು ಎಂಬುದು ಅಭಿಮಾನಿಗಳ ಸಿದ್ಧಾಂತ, ಬ್ಯಾಂಡು ಹಾಗೆಂದದ್ದಿಲ್ಲ. ಮಾಡುವ ಕ್ರಮ ಇಷ್ಟೆ. ಹಳೆಯದರಿಂದ ಒಂದು, ಹೊಸದರಿಂದ ಒಂದು, ಹೀಗೆ ಐದೈದು ಹಾಡು ಹಾಕಿ. ನಡುವೆ 'ಕರ್ಮಾ ಪೊಲೀಸ್', 'ಫಿಟರ್ ಹ್ಯಾಪಿಯರ್' ಎರಡನ್ನೂ ಒಟ್ಟಿಗೆ. ಆಮೇಲೆ 'ಫೌಸ್ಟ್ ಆರ್ಪ್'ನಿಂದ ಹೊಸದು, ಹಳೆಯದು ಎಂದು ಸರದಿ ಬದಲಿಸಿ 'ದ ಟೂರಿಸ್ಟ್'ವರೆಗೆ. ಒಟ್ಟು 22 ಹಾಡು. ಕ್ರಾಸ್‌ಫೇಡ್ ಹತ್ತು ಸೆಕೆಂಡ್. 53:21 ಮತ್ತು 42:39 ಕೂಡಿದರೆ ಸರಿಯಾಗಿ 96 ನಿಮಿಷ. 21 ಸಂದಿಯಲ್ಲಿ ಹತ್ತತ್ತು ಸೆಕೆಂಡ್ ಒಂದರ ಮೇಲೊಂದು ಕವಿದು ಮೂರೂವರೆ ನಿಮಿಷ ಕಡಿಮೆಯಾಗುತ್ತದೆ.

ಇಲ್ಲಿ ಸದ್ದು ಸಮ ಮಾಡುವ ಸೆಟ್ಟಿಂಗ್ ಆನ್ ಇರಲೇಬೇಕು. 'ಇನ್ ರೇನ್‌ಬೋಸ್' ಮಾಸ್ಟರಿಂಗ್ ಬಹಳ ಜೋರು. ಆ ಸೆಟ್ಟಿಂಗ್ ಇಲ್ಲದಿದ್ದರೆ ಪ್ರತಿ ಎರಡನೆಯ ಹಾಡಿಗೂ ವಾಲ್ಯೂಮ್ ಗುಂಡಿಗೆ ಕೈ ಹೋಗುತ್ತದೆ. ಕೇಳಿ ನೋಡಿದರೆ ಕೆಲವು ಸಂದಿ ನಿಜಕ್ಕೂ ಚೆಂದ. ಆದರೆ ಆ ಹತ್ತು ಸೆಕೆಂಡ್ ತಿನ್ನುವುದು ಏನನ್ನು? 'ಕರ್ಮಾ ಪೊಲೀಸ್' ಕೊನೆಯಲ್ಲಿ ಎಡ್ ಓಬ್ರಯನ್ ಡಿಲೇ ಯಂತ್ರದ ಗುಂಡಿ ತಿರುಗಿಸುತ್ತ ಗಿಟಾರಿನ ಸದ್ದನ್ನು ಕೆಳಕ್ಕೆ ಎಳೆದು ಕರಗಿಸುತ್ತಾನೆ. ಅದೇ ಹೋಯಿತು. 'ಓಕೆ ಕಂಪ್ಯೂಟರ್' ಹಾಡುಗಳ ಬಾಲಗಳಲ್ಲಿ ಬೇಕಾದಷ್ಟು ಸಾಮಾನಿದೆ, ಅವನ್ನು ಕತ್ತರಿಸಿ ಸಿದ್ಧಾಂತ ಸಾಬೀತು ಮಾಡುವುದು ದುಬಾರಿ.

'ಇನ್ ರೇನ್‌ಬೋಸ್' ಪಕ್ಷದವರ ಬಲವಾದ ವಾದ ಬೇರೆ ಇದೆ: ಹತ್ತು ಹಾಡಿನಲ್ಲಿ ತೆಗೆಯಬೇಕಾದದ್ದು ಒಂದೂ ಇಲ್ಲ. 40 ಪೌಂಡಿನ ಡಿಸ್ಕ್‌ಬಾಕ್ಸ್ ಜೊತೆ ಬಂದ ಎರಡನೆಯ ಸಿಡಿಯ ಎಂಟು ತುಣುಕುಗಳಲ್ಲಿ 'ಡೌನ್ ಈಸ್ ದ ನ್ಯೂ ಅಪ್' ಒಳ್ಳೆಯ ಹಾಡೇ. ಮೊದಲ ಡಿಸ್ಕಿನಲ್ಲಿ ಎಲ್ಲಿ ಸೇರಿಸಿದರೂ ಒಡಕು ಬೀಳುತ್ತದೆ, ಪ್ರಯತ್ನಿಸಿ ನೋಡಿ. ಉಳಿದ ತಗಾದೆ 'ವಿಡಿಯೊಟೇಪ್'ದು. 2006ರ ಲೈವ್‌ನಲ್ಲಿ ಡ್ರಮ್ಮಿನೊಂದಿಗೆ ಏರುತ್ತ ಹೋಗುತ್ತಿದ್ದ ಹಾಡನ್ನು ಆಲ್ಬಮ್ಮಿನಲ್ಲಿ ಒಣಗಿಸಿದರು ಎಂಬ ದೂರು. ಪಿಯಾನೊ ಬೀಳುವಲ್ಲೇ ಕಾಲು ತಟ್ಟಿದರೆ ಹಾಡು ಜಡವೆನಿಸುವುದು ನಿಜ. ಪಿಯಾನೊ ಬಿದ್ದ ಅರ್ಧ ಮಾತ್ರೆಯ ನಂತರ ಕಾಲು ತಟ್ಟಿ. ಪಿಯಾನೊ ಇಡೀ ಹೊತ್ತು ಅತೀತದಲ್ಲಿದೆ, ತಾಳಕ್ಕಿಂತ ಅರ್ಧ ಹೆಜ್ಜೆ ಮುಂದೆ. ಹಾಗೆ ಹಿಡಿದರೆ ಕೊನೆಯವರೆಗೂ ಬಿಗುಪು ಇಳಿಯುವುದಿಲ್ಲ.

'ದ ಕಿಂಗ್ ಆಫ್ ಲಿಂಬ್ಸ್' ಎಂಟೇ ಹಾಡು, 37:34. 2011ರ ಫೆಬ್ರವರಿ 14ರಂದು ಘೋಷಿಸಿ, 19ಕ್ಕೆ ಎಂದು ಹೇಳಿ, ಒಂದು ದಿನ ಮೊದಲೇ ಡೌನ್‌ಲೋಡಿಗೆ ಬಿಟ್ಟರು. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಕೇಳಿ ಅವತ್ತೇ ತೀರ್ಪು ಕೊಟ್ಟವರು ಬಹಳ. ಬೇಸ್ ಗಿಟಾರಿನ ದಪ್ಪ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಸ್. ಅಂಥ ಸ್ಪೀಕರು ಆ ಆಳಕ್ಕೆ ಇಳಿಯುವುದೇ ಇಲ್ಲ. 'ಬ್ಲೂಮ್'ನಲ್ಲಿ ಹಾಡನ್ನು ಹೊತ್ತು ನಡೆಸುವುದು ಕಾಲಿನ್ ಬೇಸ್. ಅದು ಕಳೆದರೆ ಮೇಲೆ ಉಳಿಯುವುದು ಲೂಪ್‌ಗಳ ಗಿಜಿಗಿಜಿ. ಸಾಧಾರಣ ಹೆಡ್‌ಫೋನ್ ಹಾಕಿದರೂ ಅರ್ಧ ದೂರು ಇಲ್ಲವಾಗುತ್ತದೆ. ಉಳಿದರ್ಧಕ್ಕೆ ಅದೇ ವರ್ಷದ 'ಫ್ರಮ್ ದ ಬೇಸ್‌ಮೆಂಟ್' ಲೈವ್ ಕೇಳಿ: ಕ್ಲೈವ್ ಡೀಮರ್ ಎರಡನೆಯ ಡ್ರಮ್ಮಿಗೆ ಕೂತಿದ್ದಾನೆ, ಜೊತೆಗೆ 'ದ ಡೈಲಿ ಮೇಲ್', 'ಸ್ಟೇರ್‌ಕೇಸ್' ಇವೆ. ಆಲ್ಬಮ್ಮಿಗಿಂತ ಇದೇ ಮೇಲು ಎಂಬ ಮಾತಿಗೆ ನನ್ನ ಸಹಿ ಇದೆ.

ಕೊನೆಯದು 2016ರ 'ಎ ಮೂನ್ ಶೇಪ್ಡ್ ಪೂಲ್'. ಹನ್ನೊಂದು ಹಾಡೂ ಇಂಗ್ಲಿಷ್ ಅಕಾರಾದಿಯಲ್ಲಿ: 'ಬರ್ನ್ ದ ವಿಚ್' ಮೊದಲು, 'ಟ್ರೂ ಲವ್ ವೇಟ್ಸ್' ಕೊನೆ. ಜೋಡಣೆಗೆ ತಲೆಯನ್ನೇ ಕೆಡಿಸಿಕೊಂಡಿಲ್ಲ ಎಂದು ಆಡಿಕೊಳ್ಳುವವರು ಇದ್ದಾರೆ. ಪರೀಕ್ಷೆ ಸುಲಭ, ಅದೇ ಹಾಡುಗಳನ್ನು ಕನ್ನಡ ವರ್ಣಮಾಲೆಯಲ್ಲಿ ಇಡಿ. ಐಡೆಂಟಿಕಿಟ್, ಗ್ಲಾಸ್ ಐಸ್, ಟಿಂಕರ್ ಟೇಲರ್, ಟ್ರೂ ಲವ್ ವೇಟ್ಸ್, ಡೆಕ್ಸ್ ಡಾರ್ಕ್, ಡೆಸರ್ಟ್ ಐಲ್ಯಾಂಡ್ ಡಿಸ್ಕ್, ಡೇಡ್ರೀಮಿಂಗ್, ನಂಬರ್ಸ್, ಪ್ರೆಸೆಂಟ್ ಟೆನ್ಸ್, ಫುಲ್ ಸ್ಟಾಪ್, ಬರ್ನ್ ದ ವಿಚ್. ನಾಲ್ಕನೆಯದಕ್ಕೇ ಕುಸಿಯುತ್ತದೆ. 'ಟ್ರೂ ಲವ್ ವೇಟ್ಸ್' 1995ರಿಂದ ಲೈವ್‌ನಲ್ಲಿದ್ದ ಹಾಡು. 2001ರ ಲೈವ್ ರೆಕಾರ್ಡಿಂಗ್‌ನಲ್ಲಿ ಬರೀ ಗಿಟಾರ್, ಇಲ್ಲಿ ಒಂದಕ್ಕೊಂದು ತಾಳೆಯಾಗದೆ ತೇಲುವ ಪಿಯಾನೊ ಪದರಗಳು. ಅದರ ಮೇಲೆ ಇನ್ನೊಂದು ಹಾಡು ನಿಲ್ಲುವುದಿಲ್ಲ, ಹಿಂದೆಯೇ ಬಂದ 'ಡೆಕ್ಸ್ ಡಾರ್ಕ್' ಪೇಲವವಾಗುತ್ತದೆ. ತಂತಿವಾದ್ಯಗಳನ್ನು ಗಿಟಾರಿನ ಪಿಕ್ಕಿನಿಂದ ಮೀಟಿಸಿ ಕಟ್ಟಿದ 'ಬರ್ನ್ ದ ವಿಚ್' ಏರುತ್ತ ಏರುತ್ತ ಥಟ್ಟನೆ ಕತ್ತರಿಸುವ ಹಾಡು. ಕೊನೆಗಿಟ್ಟರೆ ಹನ್ನೆರಡನೆಯದು ಲೋಡ್ ಆಗಲಿಲ್ಲವೇನೋ ಎಂದು ಫೋನ್ ನೋಡಿಕೊಳ್ಳುವಂತಾಗುತ್ತದೆ.