ಜನವರಿಯ 35 ಸೆಂಟು

ನಾನು ಹುಟ್ಟಿ ಬೆಳೆದದ್ದು ಕಡೂರಿನ ಕಡೆ. ವರ್ಷಕ್ಕೆ 25 ಇಂಚು ಮಳೆಯಾದರೆ ಅದೇ ಹೆಚ್ಚು. ಮದಗದ ಕೆರೆ ಕೋಡಿ ಬಿತ್ತು ಅಂತ ಸುದ್ದಿ ಬಂದರೆ ಅಪ್ಪ ನಮ್ಮನ್ನು ಗಾಡಿ ಹತ್ತಿಸಿಕೊಂಡು ನೋಡಲು ಹೊರಡುತ್ತಿದ್ದರು, ಜಾತ್ರೆಗೆ ಹೊರಟ ಹಾಗೆ. ಮಳೆಗೆ ಬಯ್ಯುವವರನ್ನು ನಾನು ಕಂಡೇ ಇರಲಿಲ್ಲ.

ಮದುವೆಯಾಗಿ ಬಂದದ್ದು ಮೂಡಿಗೆರೆ ಸೀಮೆಯ ಈ ಸಣ್ಣ ಕಾಫಿ ತೋಟಕ್ಕೆ. ಜಿಲ್ಲೆ ಅದೇ. ಆದರೆ ಇಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಗೆ ಬರೆಯುತ್ತಾರೆ. ಮಾವನ ಲೆಕ್ಕ ಇಂಚು, ಸೆಂಟಿನದು; ನೂರು ಸೆಂಟಿಗೆ ಒಂದು ಇಂಚು. ಮೊಬೈಲು 10 ಮಿಲಿಮೀಟರ್ ಅಂದರೆ “ಅದೆಷ್ಟಾಯ್ತಮ್ಮ?” ಅನ್ನುತ್ತಾರೆ. “ನಲವತ್ತು ಸೆಂಟು ಮಾವ” ಅಂದಮೇಲೇ ಅವರಿಗೆ ಅದು ಮಳೆ.

ಆ ಡೈರಿಗಳನ್ನು ಓದುವುದು ನನಗೊಂದು ಚಟ. ಚಾರ್ಮಾಡಿ ಘಾಟಿ ಕುಸಿದು ಬಂದ್ ಆದ 2019ರ ಆಗಸ್ಟಿನ ಪುಟದಲ್ಲಿ ಒಂದು ದಿನ ಅಂಕಿಯೇ ಇಲ್ಲ, “ಜಾರ್ ತುಂಬಿ ಚೆಲ್ಲಿದೆ” ಅಂತಷ್ಟೇ ಇದೆ. ಅದಕ್ಕಿಂತ ಮಾವನಿಗೆ ಸಿಟ್ಟಿರುವುದು 2021ರ ಮೇಲೆ. ಜನವರಿಯಲ್ಲೂ ಸುರಿಯಿತು, ಅರೇಬಿಕಾ ಕಾಫಿ ಕುಯ್ಲಿನ ಹೊತ್ತಿಗೆ ನವೆಂಬರಿನಲ್ಲೂ ಸುರಿಯಿತು. ಆಶ್ಲೇಷ, ಮಘೆ ಎಂದು ಹೆಸರಿಟ್ಟುಕೊಂಡು ಬರುವ ಮಳೆಯ ಮೇಲೆ ಅವರಿಗೆ ದೂರಿಲ್ಲ. ಹೆಸರಿಲ್ಲದೆ ಬರುವುದು ಅವರಿಗೆ ಆಗುವುದಿಲ್ಲ.

ಈ ಜನವರಿಯಲ್ಲೂ ಹಾಗೇ ಬಂತು. ಕಣದಲ್ಲಿ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು, ಹರಡಿ ಒಂಬತ್ತು ದಿನವಾಗಿತ್ತು. ಬೊಗಸೆಯಲ್ಲಿ ಹಿಡಿದು ಅಲ್ಲಾಡಿಸಿದರೆ ಇನ್ನೇನು ಗಲಗಲ ಅನ್ನಬೇಕು. ಮೊಬೈಲಿನಲ್ಲಿ ಸೂರ್ಯ ನಗುತ್ತಿದ್ದ. ನಾಲ್ಕು ಗಂಟೆಗೆ ಘಾಟಿ ಕಡೆಯಿಂದ ಮೋಡ ಕವಿಯಿತು. ನಾನು, ನಮ್ಮವರು, ಅತ್ತೆ, ಲೈನುಮನೆಯ ಇಬ್ಬರು ಕೆಲಸದವರು, ಎಲ್ಲ ಸೇರಿ ಕುಂಟೆ ಹಿಡಿದು ರಾಶಿ ಎಳೆದೆವು. ಟಾರ್ಪಾಲು ಹೊದಿಸಿ ಕಲ್ಲಿಡುವಷ್ಟರಲ್ಲಿ ಗಾಳಿ ಅದನ್ನು ಒಂದು ಮೂಲೆಯಿಂದ ಕಿತ್ತಿತು. ಟಾರ್ಪಾಲಿನಲ್ಲಿ ಇಲಿ ಮಾಡಿದ ತೂತೂ ಆಗಲೇ ಕಣ್ಣಿಗೆ ಬಿತ್ತು. “ಹಾಳಾದ ಮಳೆ!” ಅಂದುಬಿಟ್ಟೆ. ನನ್ನ ಬಾಯಿಂದ! ಅಪ್ಪ ಕೇಳಿಸಿಕೊಂಡಿದ್ದರೆ ಏನನ್ನುತ್ತಿದ್ದರೋ.

ಮಾರನೇ ದಿನ ಅಳೆದರೆ 35 ಸೆಂಟು. ಹಳ್ಳದಾಚೆಯ ಮನೆಯವರಿಗೆ ಒಂದು ಹನಿಯೂ ಇಲ್ಲ.

ಕಣದ್ದು ನಾಲ್ಕು ದಿನದ ಬಿಸಿಲಿನ ಪ್ರಶ್ನೆ, ಬೂಸ್ಟು ಬರದಿದ್ದರೆ ಸಾಕು. ನಿಜವಾದ ತಲೆನೋವು ಗಿಡದಲ್ಲಿತ್ತು. ರೋಬಸ್ಟಾ ಕಾಫಿಯ ಮುಕ್ಕಾಲು ಪಾಲು ಹಣ್ಣು ಇನ್ನೂ ಕುಯ್ಯದೆ ಉಳಿದಿತ್ತು. ಹೂ ಅರಳಲು ರೋಬಸ್ಟಾಕ್ಕೆ ಒಂದು ಇಂಚಾದರೂ ಮಳೆ ಬೇಕು, ಅದೂ ಕುಯ್ಲು ಮುಗಿದ ಮೇಲೆ, ಫೆಬ್ರವರಿ ಕೊನೆಗೋ ಮಾರ್ಚಿಗೋ. 35 ಸೆಂಟಿಗೆ ಮೊಗ್ಗು ಅರೆಬರೆ ಎದ್ದವು. ಸ್ಪ್ರಿಂಕ್ಲರ್ ಹಾಕಿ ಮಿಕ್ಕದ್ದನ್ನು ತುಂಬಿಸೋಣವೆಂದರೆ ಗಿಡದ ತುಂಬ ಹಣ್ಣು. “ಹೂಮಳೆ ಅಲ್ಲ ಕಣಮ್ಮ, ಹೂ ಕೆಡಿಸೋ ಮಳೆ” ಅಂದರು ಮಾವ.

ಒಂಬತ್ತನೇ ದಿನ ತೋಟವೆಲ್ಲ ಮಲ್ಲಿಗೆಯಂಥ ಘಮ. ಒಂದೇ ರೆಕ್ಕೆಯಲ್ಲಿ, ಅಂದರೆ ಗಿಡದ ಅಡ್ಡ ಕೊಂಬೆಯಲ್ಲಿ, ಕೆಂಪು ಹಣ್ಣು, ಪಕ್ಕದಲ್ಲೇ ಬಿಳಿ ಹೂ. ಎಷ್ಟು ಜೋಪಾನವಾಗಿ ಕುಯ್ದರೂ ಹಣ್ಣಿನ ಜೊತೆ ಹೂವೂ ಚೀಲಕ್ಕೆ ಬೀಳುತ್ತಿತ್ತು. ನಮ್ಮವರು ಅದರ ಫೋಟೋ ತೆಗೆದರು. ಚೆನ್ನಾಗೇ ಬಂದಿತ್ತು, ಅದೇ ಹೊಟ್ಟೆಯುರಿ.

ಆ ಸಂಜೆ ಅಪ್ಪನ ಫೋನು. “ನಿಮ್ಮಲ್ಲಿ ಜನವರೀಲೂ ಮಳೆ ಬಂತಂತೆ? ಪುಣ್ಯವಂತರು ಕಣಮ್ಮ ನೀವು.”

“ಹೂಂ ಅಪ್ಪ,” ಅಂದೆ. “35 ಸೆಂಟು.”